ಲೆಶಾನ್‌ನ ಬೀಗರಿಗೆ ವೀಸಾ: ಒಂದು ಪ್ರಕರಣ ಅಧ್ಯಯನ

ಗಂಡ ಶಿರಸಿ ಕಡೆಯವನು. ಹೆಂಡತಿ ಚೀನಾದ ಸಿಚುವಾನ್ ಪ್ರಾಂತ್ಯದ ಲೆಶಾನ್ ಊರಿನವಳು. ಇಬ್ಬರೂ ಓದಲೆಂದು ಅಮೆರಿಕಕ್ಕೆ ಬಂದು, ಅಲ್ಲೇ ಪರಿಚಯವಾಗಿ, ಮದುವೆಯಾಗಿ, ಓರೆಗಾನ್‌ನ ಹಿಲ್ಸ್‌ಬರೊದಲ್ಲಿ ಮನೆ ಮಾಡಿದವರು. 2025ರ ಫೆಬ್ರವರಿಯಲ್ಲಿ ಹೆರಿಗೆ. ಅದಕ್ಕೆ ಹೆಂಡತಿಯ ಅಪ್ಪ-ಅಮ್ಮನನ್ನು ಕರೆಸಿಕೊಳ್ಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ವೀಸಾ ಇಲ್ಲ ಅಂದರು, ನವೆಂಬರ್‌ನಲ್ಲಿ ಕೊಟ್ಟರು. ಎರಡೂ ಸಲ ಅರ್ಜಿದಾರರು ಅವರೇ; ಮನೆ, ಪಿಂಚಣಿ, ವಯಸ್ಸು ಎಲ್ಲ ಅದೇ. ನಡುವೆ ಬದಲಾದದ್ದೇನು ಅನ್ನುವುದಕ್ಕಾಗಿ ಈ ಬರಹ.

ಪರಿಚಯದ ಕನ್ನಡ ಕುಟುಂಬಗಳಿಗೆ ಅಮೆರಿಕದ ವೀಸಾಕ್ಕೆ ಹಾಕುವ ಡಿಎಸ್-160 ಅರ್ಜಿ ತುಂಬಲು ನೆರವಾಗುವುದು ನನ್ನ ಹಳೆಯ ರೂಢಿ. ವಕೀಲಿಕೆ ನನ್ನ ಕಸುಬಲ್ಲ. ಎರಡನೇ ಅರ್ಜಿಯ ಹೊತ್ತಿಗೆ ಈ ಕಡತ ನನ್ನ ಮುಂದೆ ಬಂತು. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಮೊದಲು ಒಂದು ಸ್ವಾರಸ್ಯ. ಶಿರಸಿಯ ಹುಡುಗನಿಗೆ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸುವ ಅನುಮತಿ, ಸಿಕ್ಕಿದ್ದು ಚೀನಾದ ಸರದಿಯಲ್ಲಿ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿಗೆ ಅಮೆರಿಕ ಲೆಕ್ಕ ಹಿಡಿಯುವುದು ಪೌರತ್ವವನ್ನಲ್ಲ, ಹುಟ್ಟಿದ ದೇಶವನ್ನು. ಗಂಡ-ಹೆಂಡತಿ ಬೇರೆ ಬೇರೆ ದೇಶದಲ್ಲಿ ಹುಟ್ಟಿದ್ದರೆ ಯಾರ ಸರದಿ ಮುಂದಿದೆಯೋ ಅದರಲ್ಲಿ ಇಬ್ಬರೂ ನಿಲ್ಲಬಹುದು. 2022ರ ಅಕ್ಟೋಬರ್‌ನಲ್ಲಿ ಹೆಚ್ಚು ಓದಿದವರ ಇಬಿ-2 ವರ್ಗದಲ್ಲಿ ಭಾರತದ ಸರದಿ 2012ರ ಅರ್ಜಿಗಳಲ್ಲಿ ನಿಂತಿತ್ತು, ಚೀನಾದ್ದು 2019ರ ಅರ್ಜಿಗಳಿಗೆ ಬಂದಿತ್ತು. ಇವನದು 2018ರ ಅರ್ಜಿ. ಜೊತೆಗೆ ಕೆಲಸಕ್ಕೆ ಸೇರಿದ ತುಮಕೂರು, ಗುಂಟೂರಿನ ಹುಡುಗರು ಇನ್ನೂ ಕಾಯುತ್ತಿದ್ದಾಗ ಇವನ ಕಾರ್ಡು ಅಂಚೆಯಲ್ಲಿ ಬಂತು. ಗೆಳೆಯರು "ವರದಕ್ಷಿಣೆ ಭರ್ಜರಿಯಾಗೇ ಸಿಕ್ತಲ್ಲೋ" ಎಂದು ಇವತ್ತಿಗೂ ಕಾಲೆಳೆಯುತ್ತಾರೆ.

ಆದರೆ ಗ್ರೀನ್ ಕಾರ್ಡ್ ಇರುವವರು ಅಪ್ಪ-ಅಮ್ಮನಿಗಾಗಿ ವಲಸೆ ಅರ್ಜಿ ಹಾಕುವಂತಿಲ್ಲ. ಅದು 21 ತುಂಬಿದ ಅಮೆರಿಕನ್ ಪ್ರಜೆಗಳಿಗೆ ಮಾತ್ರ. ಹಾಗಾಗಿ ಉಳಿದದ್ದು ಬಿ-2 ಸಂದರ್ಶಕ ವೀಸಾ ಒಂದೇ.

ಬಾಣಂತನ ಯಾರು ಮಾಡಬೇಕು ಅನ್ನುವುದರಲ್ಲಿ ಎರಡು ಮನೆಗಳ ಲೆಕ್ಕ ತಲೆಕೆಳಗಾಗಿತ್ತು. ಶಿರಸಿಯಲ್ಲಿ ಆಯಿ, ಅಂದರೆ ಗಂಡನ ತಾಯಿ, ಹೇಳಿದ್ದು, "ತಮಾ, ಮೊದಲ ಬಾಣಂತನ ತವರುಮನೆದೇ ಅಲ್ದನಾ?" ಚೀನಾದ ಹಳೆಯ ಪದ್ಧತಿಯಲ್ಲಿ ಅದು ಗಂಡನ ತಾಯಿಯ ಹೊಣೆ. ಈಗ ಅಲ್ಲೂ ಹೆತ್ತ ತಾಯಂದಿರೇ ಹೆಚ್ಚು ಮಾಡುತ್ತಾರೆ, ಅದು ಬೇರೆ. ಲೆಶಾನ್‌ನಲ್ಲಿ ಹುಡುಗಿಯ ಸೋದರತ್ತೆ ಕೇಳಿದ್ದು ಮಾತ್ರ, "ಸೊಸೆ ಹೆರುತ್ತಾಳೆ ಅಂದರೂ ಅತ್ತೆ ಬರುವುದಿಲ್ಲವಂತಾ?" ಆಯಿಗೆ ಬರಲು ಅಡ್ಡಿ ವೀಸಾ ಅಲ್ಲ, ಅದು ಚೆನ್ನೈಯಲ್ಲಿ ಹಿಂದೆಯೇ ಆಗಿತ್ತು. ಫೆಬ್ರವರಿಯವರೆಗೂ ತೋಟದಲ್ಲಿ ಕೊನೆಕೊಯ್ಲು, ಮನೆ ತುಂಬ ಅಡಿಕೆ ಸುಲಿಯುವವರು. ಬಿಟ್ಟು ಹೊರಡುವ ಮಾತೇ ಇಲ್ಲ. ಈ ಮಾತು ಲೆಶಾನ್‌ನವರ ಕಿವಿಗೆ ಸರಿಯಾಗಿ ಮುಟ್ಟಲು ಎರಡು ಮೂರು ವಿಡಿಯೊ ಕರೆ ಬೇಕಾದವು.

ಬೀಗರು ಬೀಗರು ಮುಖಾಮುಖಿ ಕಂಡೂ ಇರಲಿಲ್ಲ. 2020ರಲ್ಲಿ ಚೀನೀಯರಿಗೆ ನಿಲ್ಲಿಸಿದ ಪ್ರವಾಸಿ ವೀಸಾವನ್ನು ಭಾರತ ಮತ್ತೆ ಕೊಡಲು ಶುರುಮಾಡಿದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಲೆಶಾನ್‌ನ ದಂಪತಿ ಮಗಳು ಸೇರಿದ ಮನೆಯ ಅಂಗಳ ಕಂಡದ್ದು ಫೋನಿನಲ್ಲೇ.

ಮೊದಲ ಅರ್ಜಿ

ಮಾವನಿಗೆ, ಅಂದರೆ ಹುಡುಗಿಯ ಅಪ್ಪನಿಗೆ, 61, ಬಸ್ ಚಾಲಕರಾಗಿ ನಿವೃತ್ತಿ. ಅತ್ತೆಗೆ, ಅಂದರೆ ಅವಳ ಅಮ್ಮನಿಗೆ, 57, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಒಬ್ಬಳೇ ಮಗಳು. ಅವರದು ಒಂದೇ ಮಗುವಿನ ನೀತಿಯ ಕಾಲ, ಎರಡನೆಯದಕ್ಕೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 2016ರಲ್ಲಿ. ಇಬ್ಬರಿಗೂ ಪಿಂಚಣಿ ಬರುತ್ತದೆ, ಸ್ವಂತ ಫ್ಲ್ಯಾಟ್ ಇದೆ. ಚೀನಾದ ಆಚೆ ಕಾಲಿಟ್ಟವರಲ್ಲ.

ಅರ್ಜಿಯನ್ನು ಊರಿನ ಏಜೆಂಟ್ ಒಬ್ಬರಿಗೆ ವಹಿಸಿದರು. ಡಿಎಸ್-160 ಇಂಗ್ಲಿಷಿನಲ್ಲಿ ತುಂಬಬೇಕಾದ ಉದ್ದನೆಯ ಆನ್‌ಲೈನ್ ಅರ್ಜಿ. ಹಿಂದಿನ ಐದು ವರ್ಷ ಬಳಸಿದ ಸೋಷಿಯಲ್ ಮೀಡಿಯ ಖಾತೆಗಳನ್ನು ಕೇಳುತ್ತದೆ, ಆ ಪಟ್ಟಿಯಲ್ಲಿ ಚೀನಾದ ವೇಯ್ಬೊ, ದೌಬಾನ್ ಹೆಸರೂ ಇದೆ. ಹೆಸರಿಗೆ ಟೆಲಿಕೋಡ್ ಇದೆಯೇ ಎಂದೂ ಕೇಳುತ್ತದೆ. ಚೀನೀ ಅಕ್ಷರಗಳನ್ನು ತಂತಿಯಲ್ಲಿ ಕಳಿಸಲು ಒಂದೊಂದಕ್ಕೂ ನಾಲ್ಕು ಅಂಕಿ ಕೊಟ್ಟಿದ್ದ ಕಾಲದ ಪಳೆಯುಳಿಕೆ ಅದು. ಇಂಥದ್ದನ್ನೆಲ್ಲ ಏಜೆಂಟ್ ಅಚ್ಚುಕಟ್ಟಾಗಿ ತುಂಬಿದ್ದರು. ಎಡವಟ್ಟು ಆದದ್ದು ಸುಲಭದ ಪ್ರಶ್ನೆಗಳಲ್ಲಿ. ಯಾಕೆ ಹೋಗುತ್ತೀರಿ ಎಂಬಲ್ಲಿ ಪ್ರವಾಸ. ಎಲ್ಲೆಲ್ಲಿ ಎಂಬಲ್ಲಿ ನ್ಯೂಯಾರ್ಕ್, ಲಾಸ್ ಏಂಜಲೀಸ್. ಎಷ್ಟು ದಿನ ಎಂಬಲ್ಲಿ ಆರು ತಿಂಗಳು. ಖರ್ಚು ಅಳಿಯನದು. ಮಗಳ ಹೆರಿಗೆಯ ಸುದ್ದಿಯೇ ಇಲ್ಲ. "ಹೆರಿಗೆ ಅಂದರೆ ಅನುಮಾನ ಬರುತ್ತದೆ, ಪ್ರವಾಸ ಅಂತಲೇ ಇರಲಿ" ಎಂದು ಏಜೆಂಟರ ಸಲಹೆ.

ಇತ್ತ ಅಳಿಯ ನಾಲ್ಕು ಪುಟದ ಆಹ್ವಾನ ಪತ್ರ ಬರೆದ. ಸಂಬಳದ ಚೀಟಿ, ಬ್ಯಾಂಕ್ ಖಾತೆ, ಮನೆಯ ಕಾಗದ, ಮಲಗುವ ಕೋಣೆಗಳ ಫೋಟೊ ಕೂಡ ಲಗತ್ತು.

ಲೆಶಾನ್‌ನವರಿಗೆ ಹತ್ತಿರದ ಅಮೆರಿಕನ್ ಕಾನ್ಸುಲೇಟ್ ಚೆಂಗ್ಡುವಿನಲ್ಲಿತ್ತು. 1985ರಿಂದ ನಡೆಯುತ್ತಿದ್ದ ಅದನ್ನು, ಅಮೆರಿಕ ತನ್ನ ಹ್ಯೂಸ್ಟನ್ನಿನ ಚೀನೀ ಕಾನ್ಸುಲೇಟ್ ಮುಚ್ಚಿಸಿದ್ದಕ್ಕೆ ಪ್ರತಿಯಾಗಿ, 2020ರ ಜುಲೈ 27ರಂದು ಚೀನಾ ಮುಚ್ಚಿಸಿತು. ಬೀಜಿಂಗ್, ಶಾಂಘೈ, ಗ್ವಾಂಗ್‌ಜೌ, ಶೆನ್‌ಯಾಂಗ್, ವುಹಾನ್ ಉಳಿದವು. ಇವರು ಗ್ವಾಂಗ್‌ಜೌ ಹಿಡಿದರು. ದೊಡ್ಡವರ ಜಗಳದ ಬಿಸಿ ನಿವೃತ್ತ ಬಸ್ ಚಾಲಕನ ವಿಮಾನದ ಟಿಕೆಟ್ಟಿಗೆ ತಟ್ಟಿದ್ದು ಹೀಗೆ. ಶಿರಸಿಯವರಿಗೆ ಇದು ಹೊಸತಲ್ಲ ಬಿಡಿ. ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದದ್ದೇ 2025ರ ಜನವರಿಯಲ್ಲಿ, ಅದೂ ವೀಸಾ ಸೇವೆಯಿಲ್ಲದೆ.

ಕಿಟಕಿಯಲ್ಲಿ ಮಾತು ನಡೆದದ್ದು ಚೀನೀ ಭಾಷೆಯಲ್ಲೇ, ಅಧಿಕಾರಿಗಳು ಅದನ್ನು ಕಲಿತಿರುತ್ತಾರೆ. ಯಾಕೆ ಹೋಗುತ್ತೀರಿ? "ಮಗಳಿಗೆ ಹೆರಿಗೆ," ಅಂದರು ಅತ್ತೆ. ಮೇಷ್ಟ್ರು, ಸುಳ್ಳು ಬರಲಿಲ್ಲ. ಎಷ್ಟು ದಿನ? ಮಾವ "ಆರು ತಿಂಗಳು" ಅಂದರು. ಅದೇ ಉಸಿರಿನಲ್ಲಿ ಅತ್ತೆ "ನೋಡಬೇಕು, ಮಗು ಹೇಗಿರುತ್ತೋ" ಅಂದರು. ಖರ್ಚು ಯಾರದು? ಅಳಿಯನದು. ಅಳಿಯ ಯಾವ ದೇಶದವನು? ಭಾರತದವನು. ಊರಲ್ಲಿ ಏನು ಮಾಡುತ್ತೀರಿ? "ಏನೂ ಇಲ್ಲ, ನಿವೃತ್ತಿಯಾಗಿದೆ." ಅಷ್ಟೇ. ಮನೆಯ ಕೆಂಪು ಪತ್ರ, ಹುಕೋವ್ ಎನ್ನುವ ಕುಟುಂಬ ನೋಂದಣಿ ಪುಸ್ತಕ, ನಿವೃತ್ತಿ ಪತ್ರ, ಅಳಿಯನ ನಾಲ್ಕು ಪುಟ ಎಲ್ಲ ಪಾರದರ್ಶಕ ಚೀಲದಲ್ಲಿ ಹಾಗೇ ಉಳಿದವು. ಕೈಗೆ ನಿರಾಕರಣೆಯ ಚೀಟಿ ಬಂತು: 214(ಬಿ).

ಹಿಲ್ಸ್‌ಬರೊದಲ್ಲಿ ಆದ ಜಗಳ

ಈ ಭಾಗವನ್ನು ವೀಸಾ ಸಲಹೆಗಾರರು ಯಾರೂ ಬರೆಯುವುದಿಲ್ಲ, ಆದರೆ ಪ್ರಕರಣದ ತಿರುಳು ಇಲ್ಲೇ ಇದೆ. ಅಧಿಕಾರಿ ಕೇಳಿದ ಪ್ರಶ್ನೆಗಳಲ್ಲಿ ಅಳಿಯ ಯಾವ ದೇಶದವನು ಅನ್ನುವುದೂ ಒಂದಾಗಿತ್ತು. ಲೆಶಾನ್‌ನ ನೆಂಟರು ಅದನ್ನೇ ಹಿಡಿದುಕೊಂಡರು. "ಭಾರತದವನು ಅಂತ ಗೊತ್ತಾದ ಕೂಡಲೇ ಇಲ್ಲ ಅಂದರು." ಬಸುರಿ ಹೆಂಡತಿ ಅದನ್ನು ನಂಬಲಿಲ್ಲ, ಆದರೆ ಗಂಡನಿಗೆ ಹೇಳದೆ ಬಿಡಲೂ ಇಲ್ಲ. ಅವನಿಗೆ ಉರಿಯಿತು. ಅವನ ದೂರು ಏಜೆಂಟಿನ ಮೇಲೆ, ಅವಳ ದೂರು ಅವನ ನಾಲ್ಕು ಪುಟದ ಮೇಲೆ. ಕೆಲವು ದಿನ ಮನೆಯಲ್ಲಿ ಮಾತು ಅಳೆದು ಸುರಿದ ಹಾಗಿತ್ತು.

ನನ್ನ ಅಭಿಪ್ರಾಯದಲ್ಲಿ ಅಳಿಯನ ಊರಿಗೂ ಈ ನಿರಾಕರಣೆಗೂ ಸಂಬಂಧ ಹುಡುಕುವ ಅಗತ್ಯವೇ ಇಲ್ಲ. ಕಾನೂನಿನ ಕಲಂ 214(ಬಿ) ಹೇಳುವುದು ಇಷ್ಟು: ಸಂದರ್ಶಕ ವೀಸಾ ಕೇಳುವ ಪ್ರತಿಯೊಬ್ಬರೂ ಅಮೆರಿಕದಲ್ಲೇ ಉಳಿಯಲು ಬರುತ್ತಿದ್ದಾರೆ ಎಂದೇ ಮೊದಲು ಎಣಿಸಬೇಕು, ಅಲ್ಲ ಎಂದು ತೋರಿಸುವುದು ಅರ್ಜಿದಾರರ ಕೆಲಸ. ಆ ಕಣ್ಣಿನಿಂದ ಕಡತ ನೋಡಿ. ಒಬ್ಬಳೇ ಮಗಳು ಅಮೆರಿಕದಲ್ಲಿ, ಗ್ರೀನ್ ಕಾರ್ಡ್ ಇದೆ, ದೊಡ್ಡ ಮನೆ ಇದೆ, ದುಡ್ಡು ಅಲ್ಲಿಂದಲೇ. ಊರಲ್ಲಿ "ಏನೂ ಇಲ್ಲ". ಅರ್ಜಿ ಹೇಳುವುದು ಒಂದು, ಬಾಯಿ ಹೇಳುವುದು ಇನ್ನೊಂದು. ಅಳಿಯ ತನ್ನ ಮನೆ, ಸಂಬಳ ತೋರಿಸಿದಷ್ಟೂ ಅಲ್ಲಿ ಉಳಿಯಲು ಕಾರಣ ಹೆಚ್ಚಾಯಿತೇ ಹೊರತು ಮರಳಲು ಒಂದೂ ಕಾರಣ ಹುಟ್ಟಲಿಲ್ಲ. ನಮ್ಮವರೂ ಇದನ್ನೇ ಮಾಡುತ್ತಾರೆ. ಮಗನ ಸಂಬಳದ ಚೀಟಿ ಹಿಡಿದು ಚೆನ್ನೈಗೆ ಹೋಗುತ್ತಾರೆ, ತಮ್ಮ ಪಹಣಿ ಮನೆಯಲ್ಲಿ ಬಿಟ್ಟು.

ಏಜೆಂಟರ ಹೆದರಿಕೆಗೂ ಅರ್ಥವಿಲ್ಲ. ಮಗಳ ಹೆರಿಗೆಗೆ, ಮೊಮ್ಮಗುವನ್ನು ನೋಡಲು ಬರುವುದು ಬಿ-2 ವೀಸಾದ ಒಳಗೇ ಬರುತ್ತದೆ. ಸಂಬಳಕ್ಕೆ ದುಡಿಯುವಂತಿಲ್ಲ, ಅಷ್ಟೇ. ಅನುಮಾನ ಬರುವುದು ಬೇರೆ ಕಡೆ: ಆರು ತಿಂಗಳು ಅತ್ತೆ-ಮಾವ, ಆಮೇಲೆ ಆರು ತಿಂಗಳು ಅಪ್ಪ-ಅಮ್ಮ ಎಂದು ಪಾಳಿ ಹಾಕಿ ಶಿಶುವಿಹಾರದ ಖರ್ಚು ಉಳಿಸುವ ಏರ್ಪಾಟು ಅನ್ನಿಸಿದಾಗ. ಇಲ್ಲಿನ ಭಾರತೀಯರ, ಚೀನೀಯರ ಎಷ್ಟೋ ಮನೆಗಳಲ್ಲಿ ಈ ಪಾಳಿ ಇದೆ. ಈ ದಂಪತಿಯ ಗೋಡೆಯ ಕ್ಯಾಲೆಂಡರಿನಲ್ಲೂ ಹಸಿರು ಶಾಯಿಯಲ್ಲಿ ಲೆಶಾನ್, ಕೆಂಪು ಶಾಯಿಯಲ್ಲಿ ಶಿರಸಿ ಎಂದು ಗೆರೆ ಎಳೆದಾಗಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಅತ್ತೆ-ಮಾವ ಊರಲ್ಲಿ ಬೆಳಗ್ಗೆ ಎದ್ದು ಏನು ಮಾಡುತ್ತಾರೆ? ಅಳಿಯನಿಗೆ ಗೊತ್ತಿರಲಿಲ್ಲ. ಮಗಳಿಗೂ ಅರ್ಧಂಬರ್ಧ. ಅವರನ್ನೇ ಕೇಳಿ ಅಂದೆ.

ಆ ರಾತ್ರಿಯ ಕರೆಯಲ್ಲಿ ಹೊರಬಿದ್ದದ್ದು ಇದು. ಮಾವನ ತಾಯಿಗೆ 86 ವರ್ಷ, ಮೂರು ಗಂಡುಮಕ್ಕಳ ಮನೆಯಲ್ಲಿ ಸರದಿಯಂತೆ ಇರುತ್ತಾರೆ. ಏಪ್ರಿಲ್‌ನಿಂದ ಇವರ ಸರದಿ. ಏಪ್ರಿಲ್ 4ಕ್ಕೆ ಚಿಂಗ್‌ಮಿಂಗ್, ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವ ದಿನ. ಹಿರಿಯ ಮಗನಾದ ಮಾವ ಅದನ್ನು ಬಿಟ್ಟವರೇ ಅಲ್ಲ. ಅತ್ತೆ ಬೀದಿಯ ಮಕ್ಕಳಿಗೆ ಸಂಜೆ ಕುಂಚದ ಬರವಣಿಗೆ ಹೇಳಿಕೊಡುತ್ತಾರೆ, ಚೌಕದಲ್ಲಿ ಕುಣಿಯುವ ಹೆಂಗಸರ ತಂಡಕ್ಕೆ ಅವರೇ ಮುಂದಾಳು. ಆರು ತಿಂಗಳು ಅಮೆರಿಕದಲ್ಲಿರಲು ಇಬ್ಬರಿಗೂ ಮನಸ್ಸೇ ಇರಲಿಲ್ಲ. ಮಗಳು ಬೇಸರಪಟ್ಟಾಳು ಎಂದು ಬಾಯಿ ಬಿಟ್ಟಿರಲಿಲ್ಲ, ಅಷ್ಟೇ. "ಎರಡು ತಿಂಗಳಾದರೆ ಸಾಕು," ಅಂದರು ಮಾವ. ಮಗಳು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಅತ್ತಳಂತೆ.

ಕಾನ್ಸುಲೇಟಿಗೆ ಬೇಕಾಗಿದ್ದ ಉತ್ತರ ಅದೇ.

ಎರಡನೇ ಅರ್ಜಿ

214(ಬಿ) ನಿರಾಕರಣೆಗೆ ಮೇಲ್ಮನವಿ ಇಲ್ಲ, ಇಷ್ಟು ದಿನ ಕಾಯಬೇಕೆಂಬ ನಿಯಮವೂ ಇಲ್ಲ. ತಲೆಗೆ 185 ಡಾಲರ್ ಮತ್ತೆ ಕಟ್ಟಿ ಹೊಸ ಅರ್ಜಿ ಹಾಕಬೇಕು. ಹಿಂದೆ ನಿರಾಕರಣೆ ಆಗಿದೆಯೇ ಎಂಬಲ್ಲಿ ಹೌದು, ಎಂದು, ಎಲ್ಲಿ ಎಂದು ಬರೆದರು. ಉದ್ದೇಶ: ಮಗಳ ಹೆರಿಗೆ, ಮೊಮ್ಮಗುವನ್ನು ನೋಡುವುದು. ಸ್ಥಳ ಹಿಲ್ಸ್‌ಬರೊ ಒಂದೇ. ಚೀನೀ ಹೊಸವರ್ಷ ಆ ಸಲ ಜನವರಿ 29ಕ್ಕೆ. ಅದು ಮುಗಿಸಿ ಹೊರಟು ಚಿಂಗ್‌ಮಿಂಗ್‌ಗೆ ಮುಂಚೆ ವಾಪಸ್. ವಿಮಾನದ ಖರ್ಚು ತಾವೇ ಕೊಡುತ್ತೇವೆ ಎಂದರು ಮಾವ, ಅವರ ಹಟ. ಅಳಿಯನ ಪತ್ರ ಅರ್ಧ ಪುಟಕ್ಕಿಳಿಯಿತು. ಉತ್ತರಗಳನ್ನು ಬಾಯಿಪಾಠ ಮಾಡಿಸಬೇಡಿ ಎಂದು ಮಗಳಿಗೆ ಹೇಳಿದೆ, ಮೇಷ್ಟ್ರಿಗೆ ಪಾಠ ಒಪ್ಪಿಸುವ ದನಿ ಬಂದುಬಿಡುತ್ತದೆ.

ಮತ್ತೆ ಗ್ವಾಂಗ್‌ಜೌ. ಈ ಸಲದ ಅಧಿಕಾರಿ ಹೆಂಗಸು. ಹೋದ ಸಲ ಪ್ರವಾಸ ಅಂದಿದ್ದಿರಲ್ಲ ಎಂದು ಕೇಳಿದರು. ಏಜೆಂಟ್ ಬರೆದದ್ದು, ನಾವು ಓದಿ ನೋಡಲಿಲ್ಲ ಎಂದರು ಅತ್ತೆ. ಏಪ್ರಿಲ್ 2ಕ್ಕೇ ಯಾಕೆ ವಾಪಸ್ ಎಂದು ಕೇಳಿದಾಗ ಮಾವ ತಮ್ಮ ದಪ್ಪ ಸಿಚುವಾನ್ ಉಚ್ಚಾರದಲ್ಲಿ ತಾಯಿಯ ವಿಷಯ ಶುರುಮಾಡಿದರು, ಅಣ್ಣತಮ್ಮಂದಿರ ಸರದಿ, ಯಾವ ತಮ್ಮ ತಪ್ಪಿಸಿಕೊಳ್ಳುತ್ತಾನೆ ಎಂಬುದರವರೆಗೆ. ಅರ್ಧಕ್ಕೇ ಅಧಿಕಾರಿ ನಕ್ಕು ಸಾಕು ಎಂದರಂತೆ. ವೀಸಾ ಆಯಿತು, ಹತ್ತು ವರ್ಷದ್ದು. ಚೀನೀಯರಿಗೆ ಹತ್ತು ವರ್ಷದ ಬಿ ವೀಸಾ ಕೊಡಲು ಶುರುಮಾಡಿದ್ದು 2014ರ ನವೆಂಬರ್‌ನಲ್ಲಿ.

ಇಂಥ ಉತ್ತರ ಕೊಟ್ಟರೆ ವೀಸಾ ಖಚಿತ ಎಂದು ಯಾರೂ ಓದಿಕೊಳ್ಳಬಾರದು. ಒಬ್ಬ ಅಧಿಕಾರಿ ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪದೇ ಇರಬಹುದು. ಆದರೆ ಮೊದಲ ಅರ್ಜಿಯಲ್ಲಿ ಇಲ್ಲದ ಮನುಷ್ಯರು ಎರಡನೆಯದರಲ್ಲಿ ಇದ್ದರು, ಅದು ನಿಜ.

ವೀಸಾ ಸಿಕ್ಕರೂ ಒಂದು ಮೆಟ್ಟಿಲು ಬಾಕಿ. ಹತ್ತು ವರ್ಷದ ಬಿ ವೀಸಾ ಇರುವ ಚೀನೀಯರು 2016ರ ನವೆಂಬರ್‌ನಿಂದ ಇವಿಯುಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹೆಸರು ದಾಖಲಿಸಬೇಕು, ಎರಡೆರಡು ವರ್ಷಕ್ಕೆ ಮತ್ತೆ. ಮಾಡದಿದ್ದರೆ ವಿಮಾನ ಹತ್ತಿಸಿಕೊಳ್ಳುವುದಿಲ್ಲ. ಆಗ ಅದು ಉಚಿತವಿತ್ತು, 2025ರ ಸೆಪ್ಟೆಂಬರ್ ಕೊನೆಯಲ್ಲಿ 30 ಡಾಲರ್ ಶುಲ್ಕ ಬಂತು.

ಬಾಣಂತನ

ಸಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಹೊಗೆಯಾಡಿಸಿದ ಹಂದಿಮಾಂಸ ಕಸ್ಟಮ್ಸ್‌ನವರ ಪಾಲಾಯಿತು. ಇದೆ ಎಂದು ತಾವೇ ಹೇಳಿಕೊಂಡದ್ದರಿಂದ ದಂಡ ಬೀಳಲಿಲ್ಲ. ಉಳಿದದ್ದರಲ್ಲಿ ಹ್ವಾಜಿಯಾವ್ ಪೊಟ್ಟಣವಿತ್ತು, ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು. ಕಿತ್ತಳೆ-ನಿಂಬೆ ಗಿಡಗಳಿಗೆ ರೋಗ ತಂದೀತೆಂದು 1968ರಿಂದ 2005ರವರೆಗೆ ಅಮೆರಿಕ ಅದರ ಆಮದನ್ನೇ ನಿಷೇಧಿಸಿತ್ತು. ಮಾವ ಮೂಸಲು ಕೊಟ್ಟರು. ಅಳಿಯ ಮೂಸಿದವನೇ "ಅರೆ, ಇದು ನಮ್ಮ ಜುಮ್ಮನಕಾಯಿ!" ಎಂದ. ಒಂದೇ ಕುಲದ ಗಿಡಗಳು ಅವು. ಅಲ್ಲಿಯವರೆಗೆ ಫೋನಿನ ಅನುವಾದದಲ್ಲಿ ಕುಂಟುತ್ತಿದ್ದ ಮಾವ-ಅಳಿಯರ ಮಾತು ಅವತ್ತು ಒಲೆ ಹತ್ತಿರ ಕೈಸನ್ನೆಯಲ್ಲೇ ಒಂದು ತಾಸು ನಡೆಯಿತು.

ಮನೆ ಸಸ್ಯಾಹಾರಿ, ಮೊಟ್ಟೆಗೆ ಅಡ್ಡಿಯಿಲ್ಲ. ಹಂದಿಕಾಲಿನ ಸೂಪು ಇಲ್ಲದ ಬಾಣಂತನ ಅತ್ತೆಗೆ ಊಹೆಗೂ ನಿಲುಕದ್ದು, ಹಾಲು ಬರುವುದೇ ಅದರಿಂದ. ಗ್ಯಾರೇಜಿನಲ್ಲಿ ಇಂಡಕ್ಷನ್ ಒಲೆ, ಬೇರೆ ಪಾತ್ರೆ ಎಂದು ತೀರ್ಮಾನವಾಯಿತು. ಅಡುಗೆಮನೆಯಲ್ಲಿ ಲಾವ್‌ಜಾವ್, ಅಂದರೆ ಹುಳಿಬರಿಸಿದ ಸಿಹಿ ಅನ್ನಕ್ಕೆ ಮೊಟ್ಟೆ ಒಡೆದು ಹಾಕಿದ ಬಿಸಿ ಗಂಜಿ. ಪಕ್ಕದಲ್ಲಿ ಆಯಿ ಕಳಿಸಿದ ಬಾಣಂತಿ ಲೇಹ್ಯ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಡಲೇ ನರ್ಸ್ ದೊಡ್ಡ ಲೋಟದ ತುಂಬ ಐಸ್ ನೀರು ತಂದಿಟ್ಟರು, ಅಮೆರಿಕದಲ್ಲಿ ಹೆಚ್ಚಿನ ಕಡೆ ಹಾಗೇ. ಅತ್ತೆ ಲೋಟವನ್ನು ಕಿಟಕಿಯ ಅಂಚಿಗೆ ಸರಿಸಿ ಥರ್ಮಾಸ್ ತೆಗೆದರು. ವಿಡಿಯೊದಲ್ಲಿ ನೋಡುತ್ತಿದ್ದ ಆಯಿ ಶಿರಸಿಯಿಂದಲೇ "ತಣ್ಣೀರು ಕೊಡಡಿ" ಎಂದು ಕೂಗಿದರು. ಭಾಷೆ ಬಾರದ ಬೀಗಿತ್ತಿಯರು ಪೂರ್ತಿ ಒಮ್ಮತಕ್ಕೆ ಬಂದದ್ದು ಈ ಒಂದು ವಿಷಯದಲ್ಲಿ. ತಣ್ಣೀರು ಬೇಡ, ಗಾಳಿ ಬೇಡ, ಕಿವಿ ಮುಚ್ಚಬೇಕು, ಶುಂಠಿ ಬೇಕು.

ಒಡಕು ಬಂದದ್ದು ತಲೆಸ್ನಾನದಲ್ಲಿ. ಚೀನೀ ಪದ್ಧತಿಯಲ್ಲಿ ಬಾಣಂತಿ ತಿಂಗಳಿಡೀ ತಲೆಗೆ ನೀರು ಹಾಕುವಂತಿಲ್ಲ. ಶಿರಸಿಯಲ್ಲಿ ತಲೆಗೆ ಎಣ್ಣೆ ತಟ್ಟಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯದಿದ್ದರೆ ಅದು ಬಾಣಂತನವೇ ಅಲ್ಲ. ವೈದ್ಯರು ಮರುದಿನವೇ ಸ್ನಾನ ಮಾಡಿ ಎಂದಿದ್ದರು. ಅವಳು ಕೆಲವು ದಿನ ತಡೆದು, ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಶಾಂಪೂ ಹಾಕಿ ತೊಳೆದುಕೊಂಡುಬಿಟ್ಟಳು. ಅತ್ತೆ ಸಂಜೆಯವರೆಗೆ ಮಾತಾಡಲಿಲ್ಲ. ಅಳಿಯ ಮಧ್ಯೆ ಬಾಯಿ ಹಾಕಿ, ನಮ್ಮೂರಲ್ಲಿ ಎಲ್ಲರೂ ತೊಳೆಯುತ್ತಾರೆ ಎಂದ. ಅದು ಸಹಾಯವಾಗಲಿಲ್ಲ. ಹೆಂಡತಿಯೇ ಸಿಡುಕಿದಳು: "ನನ್ನ ತಲೆ ನಿಮ್ಮೂರದ್ದೂ ಅಲ್ಲ, ಅಮ್ಮನ ಊರದ್ದೂ ಅಲ್ಲ." ಮಾರನೆಯ ದಿನ ಆಯಿ ಕೇಳಿದ್ದು, ಒಣಗಿಸಿ ಲೋಬಾನದ ಹೊಗೆ ಹಾಕಿದಿರಾ ಎಂದು. ಮಿಶ್ರ ಮದುವೆಯೆಂದರೆ ಎರಡು ಸಂಸ್ಕೃತಿಗಳ ಸಂಗಮ ಎಂದೆಲ್ಲ ಬರೆಯುವವರು ಈ ಬಚ್ಚಲ ಬಾಗಿಲ ಹೊರಗೆ ಒಂದು ತಾಸು ನಿಲ್ಲಬೇಕಿತ್ತು.

ಆರು ತಿಂಗಳ ಮುದ್ರೆ

ವೀಸಾದ ಹತ್ತು ವರ್ಷ ಬೇರೆ, ಒಂದು ಸಲ ಬಂದಾಗ ಇರಬಹುದಾದ ಅವಧಿ ಬೇರೆ. ಎರಡನೆಯದನ್ನು ನಿರ್ಧರಿಸುವುದು ವಿಮಾನ ನಿಲ್ದಾಣದ ಅಧಿಕಾರಿ, ಅದು ಐ-94 ದಾಖಲೆಯಲ್ಲಿರುತ್ತದೆ. ಕೇಳದೆಯೇ ಆರು ತಿಂಗಳು ಕೊಟ್ಟಿದ್ದರು, ಆಗಸ್ಟ್‌ವರೆಗೆ. ಮಾರ್ಚ್ ಕೊನೆಯ ವಾರ ಮಗಳು ಅದನ್ನು ತೆರೆದು ತೋರಿಸಿ, ಇರಿ ಎಂದು ಹಟ ಹಿಡಿದಳು. ಕಾನೂನಿನ ಅಡ್ಡಿ ಇರಲಿಲ್ಲ. ಕಿಟಕಿಯಲ್ಲಿ ಎರಡು ತಿಂಗಳು ಎಂದವರು ಐದು ತಿಂಗಳು ಇದ್ದರೆ ಮುಂದೆ ಯಾರಾದರೂ ಕೇಳಿದಾಗ ಉತ್ತರ ಬೇಕಾಗುತ್ತದೆ ಎಂದಷ್ಟೇ ನಾನು ಹೇಳಿದೆ.

ಮಾವ ಏಪ್ರಿಲ್ 2ಕ್ಕೆ ಹೊರಟರು. ಅತ್ತೆ ಟಿಕೆಟ್ ಮುಂದೂಡಿ ಮೇ ಕೊನೆಯವರೆಗೆ ನಿಂತರು. ಮಗುವಿಗೆ ಕಾಮಾಲೆ ಮುಗಿದರೂ ತೂಕ ನಿಧಾನಕ್ಕೆ ಏರುತ್ತಿತ್ತು. ವೈದ್ಯರ ಭೇಟಿಯ ಕಾಗದಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಇಟ್ಟುಕೊಳ್ಳಿ ಎಂದೆ. ಬೇಕಾಗಲಿಕ್ಕಿಲ್ಲ, ಇರಲಿ. ಲೆಶಾನ್‌ನಲ್ಲಿ ಅಜ್ಜಿಯ ಸರದಿಯನ್ನು ಮಾವ ಒಬ್ಬರೇ ನಿಭಾಯಿಸಿದರು, ಅತ್ತೆಯ ಕುಣಿತದ ತಂಡಕ್ಕೆ ಬೇರೆ ಮುಂದಾಳು ಬಂದರು. ಅದರ ಬಗ್ಗೆ ಅತ್ತೆಗೆ ಇನ್ನೂ ಸಿಟ್ಟಿದೆಯಂತೆ.

ಮುಂದಿನ ಪ್ರಶ್ನೆ ಹೆಂಡತಿಯದು. ಅಮೆರಿಕದ ಪೌರತ್ವ ತೆಗೆದುಕೊಂಡರೆ ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಬಹುದು. ಚೀನಾ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಲೆಶಾನ್‌ಗೆ ಹೋಗಲು ಅವಳಿಗೇ ವೀಸಾ ಬೇಕಾಗುತ್ತದೆ. ಮಾವನನ್ನು ಕೇಳಿದರೆ ಅಮೆರಿಕದಲ್ಲಿ ನೆಲೆಸುವ ಮಾತೇ ಬೇಡ ಎನ್ನುತ್ತಾರೆ. ಅತ್ತೆ ಅಷ್ಟು ಖಡಾಖಂಡಿತವಾಗಿ ಹೇಳುವುದಿಲ್ಲ. ಸದ್ಯಕ್ಕೆ ಮೂವರೂ ಲೆಶಾನ್‌ಗೆ ಹೋಗುವುದೆಂದು ಗೊತ್ತಾಗಿದೆ. ಗಂಡನದು ಭಾರತದ ಪಾಸ್‌ಪೋರ್ಟ್, ಮಗುವಿನದು ಅಮೆರಿಕದ್ದು. ಗಂಡನಿಗೆ ಬೇಕಾದದ್ದು ಚೀನೀಯರ ಬಂಧುಗಳಿಗೆ ಕೊಡುವ ಕ್ಯೂ-2 ವೀಸಾ, 180 ದಿನ ಮೀರದ ಭೇಟಿಗೆ. ಅದಕ್ಕೆ ಆಹ್ವಾನ ಪತ್ರ ಬರೆಯಬೇಕಾದವರು ಮಾವ. ಬರೆದು ಕಳಿಸಿದ್ದಾರೆ, ಅರ್ಧ ಪುಟ.